ಯೋಹಾನ 15ರ ಹದಿಮೂರನೇ ವಚನ ಕಲ್ಲಿನ ಮೇಲಿದೆ, ಹನ್ನೆರಡನೇದು ಎಲ್ಲಿ ಹೋಯ್ತು? ನಮ್ಮ ಸಭೆಗಳಿಗೆ ಒಂದು ಬಹಿರಂಗ ಪತ್ರ

ಸಭಾಪಾಲಕರಿಗೆ, ಸಭೆ ಹಿರಿಯರಿಗೆ, ಕ್ವಾಯರ್‌ನವರಿಗೆ, ಸಂಡೇ ಸ್ಕೂಲ್ ಟೀಚರುಗಳಿಗೆ, ಮತ್ತೆ ನನ್ನ ಹಾಗೇ ಹಿಂದಿನ ಬೆಂಚಲ್ಲಿ ಕೂತು ಆಮೆನ್ ಅಂದು ಎದ್ದು ಹೋಗೋ ಎಲ್ಲರಿಗೂ,

ಯೇಸುಸ್ವಾಮಿಯ ನಾಮದಲ್ಲಿ ವಂದನೆಗಳು.

ಈ ಪತ್ರ ಬರೆಯೋಕೆ ಕೂತು ನಾಲ್ಕು ಸಲ ಎದ್ದು ಹೋಗಿದೀನಿ. ಬೇರೆಯವರ ತಪ್ಪು ಎತ್ತಿ ಆಡೋಣ ಅಂತ ಶುರು ಮಾಡಿದ್ರೆ ನನ್ನ ತಪ್ಪೇ ಮೊದಲು ಬಂದು ಎದುರಿಗೆ ನಿಲ್ಲುತ್ತೆ, ಹಾಗಾಗಿ ಅದನ್ನೇ ಮೊದಲು ಹೇಳಿಬಿಡ್ತೀನಿ.

ಹೋದ ಸಲ ಸೈನಿಕರಿಗೋಸ್ಕರ ಅಂತ ವಿಶೇಷ ಆರಾಧನೆ ಇಟ್ಟಿದ್ವಲ್ಲ, ಆವತ್ತು ಮಗನನ್ನ ಕಳ್ಕೊಂಡ ಒಬ್ಬ ತಾಯಿನ ಮುಂದಕ್ಕೆ ಕರೆದ್ವಿ. ಪ್ಲಾಸ್ಟಿಕ್ ಕವರ್ ಸುತ್ತಿದ ಒಂದು ಹೂಗುಚ್ಛ ಕೊಟ್ವಿ, ಫೋಟೋ ತೆಗೆದ್ವಿ, ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ವಿ, ನನ್ನ ಕಣ್ಣಲ್ಲೂ ನೀರು ಬಂತು ಸುಳ್ಳು ಯಾಕೆ ಹೇಳ್ಲಿ. ಆರಾಧನೆ ಮುಗೀತು, ಹೊರಗೆ ಜೋರು ಮಳೆ. ನಾನು ಕಾರು ತೆಗೆದು ಗೇಟ್ ದಾಟ್ತಾ ಕನ್ನಡಿಯಲ್ಲಿ ನೋಡ್ತೀನಿ, ಆ ತಾಯಿ ಪೋರ್ಟಿಕೋ ಅಂಚಲ್ಲಿ ಒಬ್ಬರೇ ನಿಂತಿದಾರೆ, ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಬ್ಯಾಗ್ ಎತ್ತಿ ತಲೆ ಮೇಲೆ ಹಿಡ್ಕೊಂಡು. ನನ್ನ ಕಾರಲ್ಲಿ ಮೂರು ಸೀಟು ಖಾಲಿ. ಯಾರಾದ್ರೂ ಬಿಡ್ತಾರೆ ಬಿಡು ಅಂದ್ಕೊಂಡೆ. ನಂಗೆ ಲೇಟಾಗಿತ್ತು. ಏನಕ್ಕೆ ಲೇಟಾಗಿತ್ತು ಅಂತ ಈಗ ನೆನಪು ಕೂಡ ಇಲ್ಲ.

ಮೂರು ವಾರ ಆದ್ಮೇಲೆ ಮನಸ್ಸು ತಡೀಲಾರದೆ ಅವರ ಮನೆ ಹುಡುಕ್ಕೊಂಡು ಹೋದೆ. ಸಾಯಂಕಾಲ, ಮೆಟ್ಟಿಲೆಲ್ಲ ಕತ್ತಲೆ, ಗೋಡೆ ತಡಕಾಡ್ಕೊಂಡು ಹತ್ತಿದೆ. ಮೇಲಿಂದ ಅವರ ದನಿ, "ನೋಡ್ಕೊಂಡು ಬಾಪ್ಪಾ, ಬಲ್ಬ್ ಹೋಗಿ ಐದು ತಿಂಗಳಾಯ್ತು, ಎತ್ತರದಲ್ಲಿದೆ, ಸ್ಟೂಲ್ ಹಾಕ್ಕೊಂಡ್ರೂ ನನ್ನ ಕೈಗೆ ಎಟಕಲ್ಲ, ಅವನು ರಜಕ್ಕೆ ಬಂದಾಗೆಲ್ಲ ಅಂಥದ್ದು ಅವನೇ ನೋಡ್ಕೋತಿದ್ದ." ಒಳಗೆ ಹೋದ್ರೆ ಹೂವೆಲ್ಲ ಒಣಗಿ ಎಸೆದಾಗಿತ್ತು, ಆ ಪ್ಲಾಸ್ಟಿಕ್ ಕವರ್ ಮಾತ್ರ ನೀಟಾಗಿ ಮಡಚಿ ಟೀವಿ ಪಕ್ಕ ಇಟ್ಟಿದ್ರು. ನಮ್ಮ ಮೇಲೆ ಒಂದು ದೂರಿಲ್ಲ. ಇಷ್ಟು ಮಾತ್ರ ಅಂದ್ರು, "ಎಲ್ಲರೂ ಚಪ್ಪಾಳೆ ಹೊಡೀತಿರುವಾಗ ನಾನು ಎಲ್ಲಿ ನೋಡ್ಬೇಕು ಅಂತಲೇ ಗೊತ್ತಾಗ್ಲಿಲ್ಲ ಕಣಪ್ಪಾ."

ಐದು ತಿಂಗಳು ಅಂದ್ರೆ ಲೆಕ್ಕ ಹಾಕಿ ನೋಡಿ, ನಾವು ಎದ್ದು ನಿಂತು ಚಪ್ಪಾಳೆ ಹೊಡೆದ ದಿನಾನೂ ಆ ಮೆಟ್ಟಿಲಲ್ಲಿ ಕತ್ತಲೇನೇ ಇತ್ತು.

ಆವತ್ತಿನ ಪ್ರಸಂಗದ ವಾಕ್ಯ ನಿಮಗೆಲ್ಲ ನೆನಪಿರುತ್ತೆ, ಯೋಹಾನ 15:13, ಸ್ನೇಹಿತರಿಗೋಸ್ಕರ ಪ್ರಾಣ ಕೊಡೋದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಅನ್ನೋದು. ಬ್ಯಾನರಲ್ಲೂ ಅದೇ ಇತ್ತು. ಅದು ನಮ್ಮಲ್ಲಿ ಮಾತ್ರ ಅಲ್ಲ, ಯುದ್ಧ ಸ್ಮಾರಕಗಳ ಮೇಲೆ, ಸೈನಿಕರ ಸಮಾಧಿಗಳ ಮೇಲೆ ದೇಶದೇಶಗಳಲ್ಲಿ ಕೆತ್ತಿರೋ ವಚನ. ಮೊದಲನೇ ಮಹಾಯುದ್ಧದಲ್ಲಿ ನೋಯಲ್ ಚವಾಸ್ ಅಂತ ಒಬ್ಬ ಬ್ರಿಟಿಷ್ ಸೇನಾ ಡಾಕ್ಟರ್ ಇದ್ರು, ಲಿವರ್‌ಪೂಲಿನ ಬಿಷಪ್ಪರ ಮಗ, ತನಗೇ ಗಾಯ ಆಗಿದ್ರೂ ಜಾಗ ಬಿಟ್ಟು ಹೋಗದೆ ಗಾಯಾಳುಗಳನ್ನ ಹುಡುಕ್ಕೊಂಡು ಹೋಗಿ ಕರ್ಕೊಂಡು ಬರ್ತಿದ್ರು, 1917ರ ಆಗಸ್ಟಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ್ರು. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಎರಡು ಸಲ ಸಿಕ್ಕಿರೋದು ಇವತ್ತಿನವರೆಗೂ ಮೂರೇ ಜನಕ್ಕೆ, ಅದರಲ್ಲಿ ಇವರೊಬ್ಬರು. ಅವರ ಸಮಾಧಿ ಕಲ್ಲಿನ ಮೇಲೂ ಇದೇ ವಚನ. ಅವರಿಗೆ ಒಪ್ಪುತ್ತೆ, ನನ್ನ ತಕರಾರಿಲ್ಲ.

ಆದ್ರೆ ಅದರ ಹಿಂದಿನ ವಚನ, ಹನ್ನೆರಡನೇದು, ಯಾವ ಕಲ್ಲಿನ ಮೇಲೂ ನಾನು ನೋಡಿಲ್ಲ. ನಾನು ನಿಮ್ಮನ್ನ ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಬೇಕು, ಇದೇ ನನ್ನ ಆಜ್ಞೆ, ಅನ್ನೋದು ಹನ್ನೆರಡು. ಪ್ರಾಣ ಕೊಡೋ ಮಾತು ಅದಾದ ಮೇಲೆ ಬರುತ್ತೆ. ಹನ್ನೆರಡರಲ್ಲಿ ಆಜ್ಞೆ, ಹದಿಮೂರರಲ್ಲಿ ಆ ಆಜ್ಞೆ ಎಲ್ಲಿವರೆಗೂ ಹೋಗಬಹುದು ಅನ್ನೋ ಅಳತೆ. ನಾವು ಏನ್ ಮಾಡಿದೀವಿ, ಅಳತೆನ ಸತ್ತವರಿಗೆ ಕೊಟ್ಟು ಕಲ್ಲಲ್ಲಿ ಕೆತ್ತಿಸಿದೀವಿ, ಆಜ್ಞೆನ ಪುಸ್ತಕದಲ್ಲೇ ಬಿಟ್ಟಿದೀವಿ. ಮತ್ತೆ ಆ ಮಾತು ಬಂದ ರಾತ್ರಿ ಯಾವುದು ನೋಡಿ, ಎರಡು ಅಧ್ಯಾಯ ಹಿಂದಕ್ಕೆ ಹೋದ್ರೆ ಅದೇ ರಾತ್ರಿ ಸ್ವಾಮಿ ಸೊಂಟಕ್ಕೆ ಟವೆಲ್ ಕಟ್ಕೊಂಡು ಬೋಗುಣಿಲಿ ನೀರು ಹಾಕ್ಕೊಂಡು ಶಿಷ್ಯರ ಕಾಲು ತೊಳೀತಿದಾರೆ. ಮೊದಲು ಕಾಲು ತೊಳೆಯೋದು, ಆಮೇಲೆ ಪ್ರಾಣದ ಮಾತು. ಮೆಟ್ಟಿಲ ಬಲ್ಬು ಇದರಲ್ಲಿ ಯಾವ ಕಡೆ ಬರುತ್ತೆ ಅಂತ ನಾನೇನು ಬಿಡಿಸಿ ಹೇಳ್ಬೇಕಾಗಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ಕೆಲವರಿಗೆ ಕೋಪ ಬರಬಹುದು. ಸೈನಿಕನ ಸಾವನ್ನೂ ಶಿಲುಬೆಯನ್ನೂ ಒಂದೇ ತಕ್ಕಡಿಗೆ ಹಾಕಿ ಹಾಡೋದು ನಂಗೆ ಸರಿ ಕಾಣಲ್ಲ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಇದನ್ನ ಬೇರೆ ಬೇರೆ ಮಾಡೇ ಹೇಳ್ತಾನೆ, ಒಳ್ಳೆಯವನಿಗೋಸ್ಕರ ಸಾಯೋಕೆ ಒಬ್ಬ ಧೈರ್ಯ ಮಾಡಿದ್ರೂ ಮಾಡಬಹುದು, ಆದ್ರೆ ನಾವು ಇನ್ನೂ ಪಾಪಿಗಳಾಗಿರುವಾಗಲೇ ಕ್ರಿಸ್ತ ನಮಗೋಸ್ಕರ ಸತ್ತ ಅಂತ. ಸೈನಿಕನನ್ನ ದೇವರು ಮಾಡೋದು ಬೇಡ. ಅವನೂ ಮನುಷ್ಯನೇ, ಭಯ ಪಟ್ಟವನು, ಮನೆ ನೆನೆಸ್ಕೊಂಡು ನಿದ್ದೆ ಬರದೆ ಒದ್ದಾಡಿದವನು, ಕೆಲವರು ಇಷ್ಟಪಟ್ಟು ಸೇರಿರ್ತಾರೆ ಕೆಲವರನ್ನ ಕಾನೂನು ಹಾಕಿ ಎಳ್ಕೊಂಡು ಹೋಗಿರ್ತಾರೆ, ಕೆಲವರು ಗುಂಡಿಗೆ ಸಾಯ್ತಾರೆ ಕೆಲವರು ಜ್ವರಕ್ಕೆ, ಕೆಲವರು ಜೀವಂತ ಬರ್ತಾರೆ ಆದ್ರೆ ಮನಸ್ಸು ಅಲ್ಲೇ ಉಳಿದಿರುತ್ತೆ. ಅವನನ್ನ ಮೂರ್ತಿ ಮಾಡಿ ಪೀಠದ ಮೇಲೆ ಕೂರಿಸಿದ್ರೆ ನಮಗೆ ಅನುಕೂಲ, ಮೂರ್ತಿಗೆ ಹೂ ಸಾಕು, ಮನುಷ್ಯನಿಗಾದ್ರೆ ಇನ್ನೂ ಏನೇನೋ ಬೇಕಾಗುತ್ತೆ.

ಸತ್ಯವೇದದಲ್ಲಿ ಈ ವಿಷಯಕ್ಕೆ ನನಗೆ ತುಂಬ ಕಾಡೋ ಭಾಗ 2 ಸಮುವೇಲ 23ರದ್ದು. ಸಂಡೇ ಸ್ಕೂಲಲ್ಲಿ ಗೊಲ್ಯಾತನ ಕಥೆ ಹೇಳ್ತೀವೇ ಹೊರತು ಇದನ್ನ ಹೇಳೋದು ಕಮ್ಮಿ. ಸುಗ್ಗಿ ಕಾಲ, ದಾವೀದ ಅದುಲ್ಲಾಮ್ ಗವಿಯಲ್ಲಿದಾನೆ, ಅವನ ಸ್ವಂತ ಊರು ಬೇತ್ಲೆಹೇಮಲ್ಲಿ ಫಿಲಿಷ್ಟಿಯರ ಕಾವಲು ದಂಡು ಕೂತಿದೆ. ಯಾವುದೋ ಗಳಿಗೆಯಲ್ಲಿ ಅವನಿಗೆ ಆಸೆ ಆಗುತ್ತೆ, ಊರ ಬಾಗಿಲ ಹತ್ರ ಇರೋ ಬಾವಿ ನೀರು ಯಾರಾದ್ರೂ ತಂದ್ಕೊಟ್ಟಿದ್ರೆ ಅಂತ. ಅದು ಆರ್ಡರ್ ಅಲ್ಲ, ಸುಮ್ನೆ ಬಾಯಿಗೆ ಬಂದ ಮಾತು, ಊರು ಬಿಟ್ಟು ದೂರ ಇದ್ದವರಿಗೆಲ್ಲ ಗೊತ್ತಿರೋ ಮಾತು. ಕೇಳಿಸ್ಕೊಂಡ ಮೂರು ಜನ ಎದ್ದು ಹೋಗಿ, ಶತ್ರು ಪಾಳೆಯದೊಳಗೆ ನುಗ್ಗಿ, ಆ ಬಾವಿಯಿಂದ ನೀರು ಸೇದಿ ವಾಪಸ್ ತಂದ್ರು. ಅವರ ಹೆಸರನ್ನ ಆ ಜಾಗದಲ್ಲಿ ಬರೆದೂ ಇಲ್ಲ, ಮೂರು ಜನ ಅಂತಷ್ಟೇ.

ದಾವೀದ ಆ ನೀರು ಕುಡೀಲಿಲ್ಲ. ಪ್ರಾಣದ ಹಂಗು ತೊರೆದು ಹೋದವರ ರಕ್ತ ಅಲ್ವಾ ಇದು, ಇದನ್ನ ನಾನು ಹೇಗೆ ಕುಡೀಲಿ ಅಂತ ಹೇಳಿ, ದೇವರ ಮುಂದೆ ನೆಲಕ್ಕೆ ಹೊಯ್ದುಬಿಟ್ಟ.

ಚಿಕ್ಕವನಾಗಿದ್ದಾಗ ನಂಗೆ ಇದು ಅರ್ಥಾನೇ ಆಗ್ತಿರ್ಲಿಲ್ಲ, ಅಷ್ಟು ಕಷ್ಟಪಟ್ಟು ತಂದಿದ್ದನ್ನ ಚೆಲ್ಲಿಬಿಟ್ನಲ್ಲ, ಅವಮಾನ ಮಾಡಿದ ಹಾಗಲ್ವಾ ಅಂತ. ಈಗ ಹೀಗೆ ಅನ್ಸುತ್ತೆ. ಕುಡಿದು ಮುಗಿಸಿದ್ರೆ ಅದು ಬರೀ ನೀರಾಗಿ ಬಿಡ್ತಿತ್ತು, ಅವನ ಬಾಯಾರಿಕೆಗೆ ಮೂರು ಜೀವ ಅಂತ ರೇಟ್ ಕಟ್ಟಿದ ಹಾಗೆ ಆಗ್ತಿತ್ತು. ಅವರಿಗೆ ತಿರುಗಿ ಕೊಡೋಕೂ ಏನೂ ಇಲ್ಲ, ಅಂಥದ್ದಕ್ಕೆ ಸಾಲ ತೀರಿಸೋ ದಾರಿ ಇಲ್ಲ. ಹಾಗಾಗಿ ಅದನ್ನ ತನ್ನ ಸ್ವಂತಕ್ಕೆ ಇಟ್ಕೊಳ್ಳದೆ ದೇವರಿಗೆ ಕೊಟ್ಟ. ಬೇರೆಯವರ ಪ್ರಾಣದ ಬೆಲೆಗೆ ನಮ್ಮ ಕೈಗೆ ಬಂದ ಒಂದು ದಿವಸ, ಒಂದು ಸಾಯಂಕಾಲ, ಬಾಗಿಲು ತೆರೆದಿಟ್ಟು ಆರಾಧನೆ ಮಾಡೋ ಒಂದು ಭಾನುವಾರ, ಇದನ್ನ ನಾವು ಗಟಗಟ ಕುಡಿದು ಬಾಯಿ ಒರೆಸ್ಕೊಂಡು ಹೋಗ್ತೀವಾ ಅಥವಾ ಯಾರಿಗಾದ್ರೂ ಹೊಯ್ದು ಕೊಡ್ತೀವಾ? ನಾನು ಈ ಪತ್ರದಲ್ಲಿ ಕೇಳ್ತಿರೋದು ಇಷ್ಟೇ. ಉಳಿದಿದ್ದೆಲ್ಲ ಇದರ ಸುತ್ತ ಸುತ್ತಾಟ.

ಹೊಸ ಒಡಂಬಡಿಕೆಯಲ್ಲಿ ಸೈನಿಕರು ಬರೋ ಜಾಗಗಳನ್ನ ಒಂದು ಸಲ ಕೂತು ಓದಿ ನೋಡಿ, ಆಶ್ಚರ್ಯ ಆಗುತ್ತೆ. ಸ್ನಾನಿಕನಾದ ಯೋಹಾನನ ಹತ್ರ ಸೈನಿಕರು ಬಂದು ನಾವೇನು ಮಾಡ್ಬೇಕು ಅಂತ ಕೇಳ್ತಾರೆ, ಲೂಕ 3:14. ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮಗೆ ಬರೋ ಸಂಬಳದಲ್ಲಿ ತೃಪ್ತಿಯಾಗಿರಿ ಅಂತಾನೆ ಅವನು. ಶೌರ್ಯದ ಬಗ್ಗೆ ಒಂದು ಮಾತಿಲ್ಲ. ಈಗ ಯೂನಿಫಾರ್ಮ್ ಇಲ್ಲದ ನಮ್ಮನ್ನೇ ಕೇಳ್ಕೊಳ್ಳೋಣ, ಈ ಮೂರರಲ್ಲಿ ನಮ್ಮ ಸಭೆಯಲ್ಲಿ ಎಷ್ಟು ಪಾಲನೆ ಆಗ್ತಿದೆ? ಸುಳ್ಳು ದೂರು ಅನ್ನೋದೊಂದನ್ನೇ ತಗೊಳ್ಳಿ, ಚುನಾವಣೆ ಹತ್ರ ಬಂದಾಗ ನಮ್ಮ ಕಮಿಟಿ ವಾಟ್ಸಾಪ್ ಗ್ರೂಪ್ ತೆಗೆದು ನೋಡಿದ್ರೆ ಸಾಕು. ಅದೇ ಗ್ರೂಪಲ್ಲಿ ಬೆಳಗ್ಗೆ ಸೈನಿಕರ ಫೋಟೋ, ಸೆಲ್ಯೂಟ್ ಇಮೋಜಿ, ಮಧ್ಯಾಹ್ನ ಒಬ್ಬರ ಮೇಲೊಬ್ಬರು ಕೆಸರು.

ಆಮೇಲೆ ಕಪೆರ್ನೌಮಿನ ಆ ಶತಾಧಿಪತಿ. ರೋಮನ್ ಸೇನೆ ಅಧಿಕಾರಿ, ಜನರ ಕಣ್ಣಿಗೆ ಆಕ್ರಮಣ ಮಾಡಿದವರ ಪೈಕಿ. ಅವನು ಬಂದಿದ್ದು ತನಗೋಸ್ಕರ ಅಲ್ಲ, ಕಾಯಿಲೆ ಬಿದ್ದ ಆಳಿಗೋಸ್ಕರ. ಸ್ವಾಮಿ ಮನೆಗೆ ಬರ್ತೀನಿ ಅಂದಾಗ ನೀನು ನನ್ನ ಮನೆಗೆ ಬರೋಷ್ಟು ಯೋಗ್ಯತೆ ನಂಗಿಲ್ಲ, ಒಂದು ಮಾತು ಹೇಳಿದ್ರೆ ಸಾಕು ಅಂದ. ಇಸ್ರಾಯೇಲಲ್ಲೂ ಇಂಥ ನಂಬಿಕೆ ಕಾಣಲಿಲ್ಲ ಅಂತ ಸ್ವಾಮಿನೇ ಹೇಳ್ತಾರೆ. ನಮ್ಮ ಕ್ಯಾಥೊಲಿಕ್ ಸಹೋದರರು ಇವತ್ತಿಗೂ ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ತಗೊಳ್ಳೋ ಮುಂಚೆ ಹೇಳೋ ಪ್ರಾರ್ಥನೆ ಈ ಸೈನಿಕನ ಮಾತಿಂದಲೇ ಬಂದಿದ್ದು. ಸೈನಿಕರಿಂದ ನಾವು ಎರವಲು ತಗೊಂಡಿರೋದು ತಗ್ಗಿನಡೆಯೋ ಮಾತನ್ನ, ಎದೆಯುಬ್ಬಿಸೋ ಮಾತನ್ನಲ್ಲ. ಅದನ್ನ ಯೋಚನೆ ಮಾಡಿದ್ರೆ ನಮ್ಮ ಸ್ಪೀಕರ್ ವಾಲ್ಯೂಮ್ ಸ್ವಲ್ಪ ತಾನಾಗೇ ಇಳಿಯಬೇಕು.

ಸಂತ ಮಾರ್ಟಿನ್ ಕಥೆ ಹಲವರಿಗೆ ಗೊತ್ತು. ನಾಲ್ಕನೇ ಶತಮಾನದ ರೋಮನ್ ಸೈನಿಕ, ಆಗಿನ್ನೂ ದೀಕ್ಷಾಸ್ನಾನ ಕೂಡ ಆಗಿರಲಿಲ್ಲ. ಈಗಿನ ಫ್ರಾನ್ಸಿನ ಆಮಿಯಾ ಪಟ್ಟಣದ ಬಾಗಿಲಲ್ಲಿ ಕೊರೆಯೋ ಚಳಿಯಲ್ಲಿ ಬಟ್ಟೆ ಇಲ್ಲದ ಭಿಕ್ಷುಕ, ಮಾರ್ಟಿನ್ ಕತ್ತಿ ತೆಗೆದು ತನ್ನ ಮೇಲಂಗಿ ಎರಡು ಭಾಗ ಮಾಡಿ ಅರ್ಧ ಅವನಿಗೆ ಹೊದಿಸಿದ. ಪೂರ್ತಿ ಕೊಟ್ಟುಬಿಟ್ಟಿದ್ರೆ ಕಥೆ ಇನ್ನೂ ದೊಡ್ಡದಾಗಿ ಕೇಳಿಸ್ತಿತ್ತೇನೋ, ಆದ್ರೆ ಅರ್ಧ ಅನ್ನೋದೇ ನನಗೆ ಇಷ್ಟ, ಅದು ನಮ್ಮ ಕೈಲೂ ಆಗೋ ಅಂಥದ್ದು, ಮೂರು ಖಾಲಿ ಸೀಟಿನ ಥರ. ಅವನ ಬಟ್ಟೆ ಹರಿದಿದ್ದನ್ನ ನೋಡಿ ಅಕ್ಕಪಕ್ಕದವರು ಕೆಲವರು ನಕ್ಕರಂತೆ. ಆ ಮೇಲಂಗಿನ ಆಮೇಲೆ ಜೋಪಾನವಾಗಿ ಇಟ್ಟ ಜಾಗಕ್ಕೆ ಲ್ಯಾಟಿನ್‌ನಲ್ಲಿ ಕಪ್ಪೆಲ್ಲಾ ಅಂದ್ರು, ಕಾಯೋನಿಗೆ ಕಪ್ಪೆಲ್ಲಾನುಸ್ ಅಂದ್ರು, ನಾವಿವತ್ತು ಪ್ರಾರ್ಥನಾ ಮಂದಿರಕ್ಕೆ ಚಾಪೆಲ್ ಅನ್ನೋದು, ಸೇನೆ ಥರದ ಕಡೆ ಇರೋ ಪಾದ್ರಿಗೆ ಚಾಪ್ಲಿನ್ ಅನ್ನೋದು ಎರಡೂ ಆ ಅರ್ಧ ಬಟ್ಟೆಯಿಂದ ಬಂದ ಪದಗಳು. ಅವರ ಹಬ್ಬ ನವೆಂಬರ್ 11. ಮೊದಲನೇ ಮಹಾಯುದ್ಧದ ಗುಂಡು ನಿಂತಿದ್ದೂ 1918ರ ನವೆಂಬರ್ 11ಕ್ಕೇ. ಅದನ್ನ ಯಾರೂ ಲೆಕ್ಕ ಹಾಕಿ ಜೋಡಿಸಿದ್ದಲ್ಲ, ಹಾಗೆ ಬಂತು ಅಷ್ಟೇ. ಅಂದ ಹಾಗೆ ಇದೇ ಮಾರ್ಟಿನ್ ಮುಂದೆ ನಾನು ಕ್ರಿಸ್ತನ ಸೈನಿಕ, ಯುದ್ಧ ಮಾಡಲಾರೆ ಅಂತ ಹೇಳಿ ಸೇನೆ ಬಿಟ್ಟವನು. ಹಾಗಾಗಿ ಯುದ್ಧ ಸರಿನಾ ತಪ್ಪಾ ಅನ್ನೋ ಜಗಳದಲ್ಲಿ ನಾವು ಯಾವ ಕಡೆ ಇದ್ರೂ ಪರವಾಗಿಲ್ಲ, ಆ ಜಗಳ ಮುಗಿಯೋವರೆಗೂ ಆ ತಾಯಿ ಮಳೆಯಲ್ಲೇ ನಿಂತಿರಬೇಕು ಅಂತೇನಿಲ್ಲವಲ್ಲ.

ಚಾಪ್ಲಿನ್ ಅಂದ್ಮೇಲೆ ಡಾರ್ಚೆಸ್ಟರ್ ಹಡಗಿನ ನಾಲ್ವರನ್ನ ಬಿಡೋಕಾಗಲ್ಲ. 1943ರ ಫೆಬ್ರವರಿ 3, ಗ್ರೀನ್‌ಲ್ಯಾಂಡ್ ಹತ್ರದ ಮಂಜು ನೀರು, ನಡುರಾತ್ರಿ ದಾಟಿದ ಹೊತ್ತು, ಅಮೆರಿಕದ ಸೈನಿಕರು ತುಂಬಿದ್ದ ಹಡಗಿಗೆ ಜರ್ಮನ್ ಸಬ್‌ಮರೀನಿನ ಟಾರ್ಪಿಡೊ. ಒಳಗೆ 900ಕ್ಕೂ ಹೆಚ್ಚು ಜನ, ಉಳಿದಿದ್ದು 230. ನಾಲ್ಕು ಜನ ಚಾಪ್ಲಿನ್‌ಗಳು ಲೈಫ್ ಜಾಕೆಟ್ ಹಂಚಿದ್ರು, ಖಾಲಿಯಾದ ಮೇಲೆ ತಮ್ಮದನ್ನೇ ಬಿಚ್ಚಿ ಕೊಟ್ರು, ಆಮೇಲೆ ಕೈ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡ್ತಾ ಹಡಗಿನ ಜೊತೆಗೇ ಹೋದ್ರು ಅಂತ ಉಳಿದವರು ಹೇಳಿದ್ರು. ಜಾರ್ಜ್ ಫಾಕ್ಸ್ ಮೆಥಡಿಸ್ಟ್, ಕ್ಲಾರ್ಕ್ ಪೋಲಿಂಗ್ ರಿಫಾರ್ಮ್ಡ್ ಚರ್ಚಿನವರು, ಜಾನ್ ವಾಷಿಂಗ್ಟನ್ ಕ್ಯಾಥೊಲಿಕ್ ಗುರು, ಅಲೆಕ್ಸಾಂಡರ್ ಗೂಡ್ ಯೆಹೂದ್ಯ ರಬ್ಬಿ. ಜಾಕೆಟ್ ಕೊಡುವಾಗ ನೀನು ಯಾವ ಸಭೆ, ಮುಳುಗಿಸಿ ಸ್ನಾನ ಮಾಡಿಸ್ಕೊಂಡಿದೀಯಾ ಚಿಮುಕಿಸಿದ್ದಾ ಅಂತ ಯಾರೂ ಕೇಳಲಿಲ್ಲ. ನಾವು ಸ್ಮಶಾನದಲ್ಲಿ ಜಾಗ ಕೊಡೋಕೂ ಮೆಂಬರ್‌ಶಿಪ್ ಕಾರ್ಡ್ ಕೇಳ್ತೀವಿ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯೋಕೆ ನಂಗೆ ಮನಸ್ಸಿಲ್ಲ.

ಈಗ ಇನ್ನೊಂದು ಸಂಕಟ. ಸೈನಿಕರ ತ್ಯಾಗವನ್ನ ನಾವು ಕೋಲಾಗಿ ಬಳಸ್ತಿದೀವಿ. ಒಬ್ಬರು ಮೀಟಿಂಗಲ್ಲಿ ಎದ್ದು ಕಟ್ಟಡ ಫಂಡಿನ ಲೆಕ್ಕ ಕೇಳಿದ್ರು, ತಕ್ಷಣ ಒಬ್ಬ ಹಿರಿಯರು, ಸೈನಿಕರು ಹಿಮದಲ್ಲಿ ನಿಂತಿದಾರೆ, ನಿಮಗೆ ಎರಡು ತಿಂಗಳು ಲೆಕ್ಕಕ್ಕೆ ಕಾಯೋಕಾಗಲ್ವಾ ಅಂದ್ರು. ಕೆಲವರು ಚಪ್ಪಾಳೆನೂ ಹೊಡೆದ್ರು! ಸೈನಿಕ ಹಿಮದಲ್ಲಿ ನಿಂತಿದ್ದು ನಮ್ಮ ಲೆಕ್ಕ ಮುಚ್ಚಿಡೋಕಲ್ಲ ಸ್ವಾಮಿ. ಹುಡುಗರು ಸುಸ್ತಾಯ್ತು ಅಂದ್ರೆ ಸೈನಿಕ, ಹೆಂಗಸರು ಕಷ್ಟ ಹೇಳ್ಕೊಂಡ್ರೆ ಸೈನಿಕ, ಯಾರ ಬಾಯಿ ಮುಚ್ಚಿಸ್ಬೇಕಾದ್ರೂ ಸೈನಿಕ. ಸತ್ತವರ ಹೆಸರು ಇಟ್ಕೊಂಡು ಬದುಕಿರೋರನ್ನ ಹೊಡೆಯೋದಕ್ಕೆ ಕೃತಜ್ಞತೆ ಅನ್ನೋ ಹೆಸರು ಬೇಡ. ಗಲಾತ್ಯ 5ರಲ್ಲಿ ಆತ್ಮನ ಫಲ ಅಂತ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ ಅಂತೆಲ್ಲ ಇದೆಯಲ್ಲ, ಮಕ್ಕಳ ಹತ್ರ ಬಾಯಿಪಾಠ ಹೇಳಿಸ್ತೀವಲ್ಲ, ಅದರಲ್ಲಿ ಬೇರೆಯವರ ತ್ಯಾಗ ತೋರಿಸಿ ಗದರೋದು ಎಲ್ಲೂ ಇಲ್ಲ. ದೀರ್ಘಶಾಂತಿ ಅಂದ್ರೆ, ಯುದ್ಧದಿಂದ ವಾಪಸ್ ಬಂದವನು ಒಂದೇ ವಿಷಯನ ಹತ್ತನೇ ಸಲ ಹೇಳ್ತಿರುವಾಗ ಫೋನ್ ನೋಡದೆ ಕೂರೋದು. ಪಟಾಕಿ ಸದ್ದಿಗೆ ಬೆಚ್ಚಿ ಎದ್ದು ಹೊರಗೆ ಹೋದವನ ಬಗ್ಗೆ ಹಿಂದೆ ಕೂತು ಪಿಸುಗುಟ್ಟದೇ ಇರೋದು. ನಾನು ಎರಡರಲ್ಲೂ ಫೇಲ್ ಆಗಿದೀನಿ, ಹಾಗಾಗಿ ಗೊತ್ತು.

ಸರಿಯಾಗಿ ನೆನೆಸ್ಕೊಂಡವರೂ ಇದಾರೆ. ಡೇವಿಡ್ ರೈಲ್ಟನ್ ಅಂತ ಒಬ್ಬ ಸೇನಾ ಪಾದ್ರಿ, 1916ರಲ್ಲಿ ಫ್ರಾನ್ಸಿನ ಆರ್ಮಾಂಟಿಯೇರ್ ಹತ್ರ ಒಂದು ಮನೆ ಹಿತ್ತಲಲ್ಲಿ ಒಂದು ಸಮಾಧಿ ನೋಡ್ತಾರೆ, ಒರಟು ಮರದ ಶಿಲುಬೆ, ಮೇಲೆ ಪೆನ್ಸಿಲಲ್ಲಿ ಅಪರಿಚಿತ ಬ್ರಿಟಿಷ್ ಸೈನಿಕ ಅಂತ ಬರೆದಿದೆ. ಅದು ಅವರ ತಲೆಯಿಂದ ಹೋಗಲೇ ಇಲ್ಲ. ಯುದ್ಧ ಮುಗಿದ ಮೇಲೆ 1920ರಲ್ಲಿ ಲಂಡನ್ನಿನಲ್ಲಿ ರಾಜರ ಸಮಾಧಿಗಳಿರೋ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನ ಡೀನ್‌ಗೆ, ಅಂದ್ರೆ ಅಲ್ಲಿನ ಮುಖ್ಯ ಪಾದ್ರಿಗೆ, ಪತ್ರ ಬರೆದ್ರು, ಅದೇ ವರ್ಷ ನವೆಂಬರ್ 11ಕ್ಕೆ ಹೆಸರಿಲ್ಲದ ಒಬ್ಬ ಸೈನಿಕನನ್ನ ರಾಜರ ಮಧ್ಯೆ ಮಣ್ಣು ಮಾಡಿದ್ರು. ಮಗ ಎಲ್ಲಿ ಬಿದ್ದ ಅಂತಲೇ ತಿಳಿಯದ ಸಾವಿರಾರು ತಾಯಂದಿರಿಗೆ ಅವನು ನಮ್ಮವನೇ ಇರಬಹುದು ಅಂತ ಅಳೋಕೆ ಒಂದು ಜಾಗ ಆಯ್ತು. ಒಂದು ಪೆನ್ಸಿಲ್ ಬರಹನ ನಿಂತು ಓದಿದ್ದರಿಂದ ಆಗಿದ್ದು ಅದು.

ಅದೇ ಯುದ್ಧದಲ್ಲಿ ಬೆಲ್ಜಿಯಂನ ಪೊಪೆರಿಂಗೆಯಲ್ಲಿ 1915ರ ಡಿಸೆಂಬರಲ್ಲಿ ಟಾಲ್ಬಟ್ ಹೌಸ್ ಅಂತ ಒಂದು ಮನೆ ಶುರು ಮಾಡಿದ್ರು, ಟಬ್ಬಿ ಕ್ಲೇಟನ್ ಅನ್ನೋ ಪಾದ್ರಿ ನಡೆಸ್ತಿದ್ರು. ಮುಂಚೂಣಿಯಿಂದ ಬಂದವರು ಸಾಮಾನ್ಯ ಸೈನಿಕನಾಗಲಿ ಆಫೀಸರ್ ಆಗಲಿ ಒಳಗೆ ಬಂದ್ರೆ ರ್ಯಾಂಕ್ ಹೊರಗೇ ಬಿಟ್ಟು ಬರಬೇಕು. ಅಟ್ಟದ ಮೇಲೆ ಪ್ರಾರ್ಥನಾ ಕೋಣೆ, ಅಲ್ಲಿ ಪೀಠ ಯಾವುದು ಗೊತ್ತಾ, ತೋಟದಲ್ಲಿ ಸಿಕ್ಕ ಒಂದು ಬಡಗಿ ಬೆಂಚು. ಉಳಿಗಾಯ ಇದ್ದ ಆ ಹಲಗೆ ಮುಂದೆ ಮೊಣಕಾಲೂರಿ ಕರ್ತರ ಭೋಜನ ತಗೊಂಡು ಕಂದಕಗಳಿಗೆ ವಾಪಸ್ ಹೋದವರಲ್ಲಿ ಎಷ್ಟೋ ಜನ ಮತ್ತೆ ಬರಲಿಲ್ಲ. ಉಳಿದವರು ಯುದ್ಧ ಮುಗಿದ ಮೇಲೆ ಅದೇ ಮನೆ ಹೆಸರಲ್ಲಿ ಸೇವೆ ಮಾಡೋ ಸಂಘ ಕಟ್ಟಿದ್ರು. ಬಂದವರು ಬಾರದವರ ಪಾಲಿನ ಕೆಲಸ ತಾವು ಮಾಡಿದ ಹಾಗೆ ಅಂತ ನಾನು ಅದನ್ನ ಅರ್ಥ ಮಾಡ್ಕೋತೀನಿ.

ಮತ್ತೆ ಲೆನರ್ಡ್ ಚೆಷೈರ್. ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಬ್ರಿಟನ್ನಿನ ವಾಯುಸೇನೆ ಪೈಲಟ್, ನೂರು ಬಾಂಬ್ ದಾಳಿಗಳಿಗೆ ಹೋದವರು, 1944ರಲ್ಲಿ ವಿಕ್ಟೋರಿಯಾ ಕ್ರಾಸ್. 1945ರ ಆಗಸ್ಟ್ 9ಕ್ಕೆ ನಾಗಸಾಕಿ ಮೇಲೆ ಅಣುಬಾಂಬ್ ಬಿದ್ದಾಗ ವಿಮಾನದಲ್ಲಿ ಕೂತು ಬ್ರಿಟನ್ ಪರವಾಗಿ ನೋಡಿದವರು. ಯುದ್ಧ ಮುಗೀತು, ಜೊತೆಗಾರರು ಎಷ್ಟೋ ಜನ ಇಲ್ಲ, ಇವರು ಮಾತ್ರ ಉಳಿದಿದಾರೆ. ಏನೇನೋ ಪ್ಲಾನ್ ಮಾಡಿದ್ರು, ಯಾವುದೂ ಕೈಗೆ ಹತ್ತಲಿಲ್ಲ. 1948ರಲ್ಲಿ ಆರ್ಥರ್ ಡೈಕ್ಸ್ ಅನ್ನೋ ಹಳೇ ವಾಯುಸೇನೆಯವರು, ಕ್ಯಾನ್ಸರ್, ಹೋಗೋಕೆ ಜಾಗ ಇಲ್ಲ. ಚೆಷೈರ್ ತಮ್ಮ ದೊಡ್ಡ ಖಾಲಿ ಮನೆಗೇ ಕರ್ಕೊಂಡು ಬಂದ್ರು. ನರ್ಸ್ ಇಲ್ಲ, ದುಡ್ಡಿಲ್ಲ, ತಾವೇ ಹಾಸಿಗೆ ಬದಲಾಯಿಸಿ, ತಾವೇ ತೊಳೆದು, ಕೊನೆವರೆಗೂ ನೋಡ್ಕೊಂಡ್ರು. ಸಾಯ್ತಿದ್ದವರ ನಂಬಿಕೆ ನೋಡ್ಕೊಳ್ತಿದ್ದವರಿಗೂ ಹತ್ತಿತು, ಅದೇ ವರ್ಷದ ಕೊನೆಗೆ ಚೆಷೈರ್ ಕ್ಯಾಥೊಲಿಕ್ ಸಭೆ ಸೇರಿದ್ರು. ಒಬ್ಬರು ಇದ್ದ ಮನೆಗೆ ಇನ್ನೊಬ್ಬರು ಬಂದ್ರು, ಮತ್ತೊಬ್ಬರು ಬಂದ್ರು, ಹಾಗೇ ಬೆಳೆದು ಹಲವು ದೇಶಗಳಲ್ಲಿ ಕಾಯಿಲೆಯವರನ್ನ, ಅಂಗವಿಕಲರನ್ನ ನೋಡ್ಕೊಳ್ಳೋ ಚೆಷೈರ್ ಹೋಮ್‌ಗಳಾದ್ವು. ಮುಂದೆ ಅವರನ್ನ ಮದುವೆಯಾದ ಸೂ ರೈಡರ್ 1953ರಲ್ಲಿ ಶುರು ಮಾಡಿದ ಸೇವಾಸಂಸ್ಥೆಯನ್ನಂತೂ ಯುದ್ಧದಲ್ಲಿ ಸತ್ತವರಿಗೆ ಜೀವಂತ ಸ್ಮಾರಕ ಅಂತಲೇ ಕರೆದ್ರು. ಜೀವಂತ ಸ್ಮಾರಕ. ಈ ಎರಡು ಪದ ನಮ್ಮ ಕಮಿಟಿಯವರು ದಯವಿಟ್ಟು ಒಂದು ಸಲ ಓದ್ಕೊಳ್ಳಿ, ಯಾಕಂದ್ರೆ ಆವರಣದಲ್ಲಿ ಗ್ರಾನೈಟ್ ಸ್ಮಾರಕ ಹಾಕಿಸೋ ಮಾತು ನಡೀತಿದೆ ಅಂತ ಕೇಳಿದೆ.

ಕಲ್ಲು ಬೇಡ ಅಂತಿಲ್ಲ. ಹಾಕಿಸೋದೇ ಆದ್ರೆ ಹನ್ನೆರಡನೇ ವಚನನೂ ಸೇರಿಸಿ ಕೆತ್ತಿಸಿ, ಎರಡು ಸಾಲು ಜಾಸ್ತಿ ಆಗುತ್ತೆ ಅಷ್ಟೇ. ಮುಂದಿನ ಸಲ ಆ ಆರಾಧನೆಯಲ್ಲಿ ಮನೆಯವರನ್ನ ವೇದಿಕೆಗೆ ಕರೆಯೋ ಮುಂಚೆ ಬರೋಕೆ ಇಷ್ಟ ಇದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಬಲವಂತ ಬೇಡ, ಬೆಂಚಲ್ಲೇ ಕೂತಿರಲಿ, ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರೆ ಸಾಕು. ವಾಪಸ್ ಬಂದ ಸೈನಿಕರಿಗೆ ಸಾಕ್ಷಿ ಹೇಳಿ ಅಂತ ಮೈಕ್ ಕೊಟ್ಟು ಯುದ್ಧದ ಕಥೆ ಕೇಳಬೇಡಿ, ಅವರಿಗೆ ಹೇಳಬೇಕು ಅನ್ಸಿದಾಗ ಕೇಳೋಕೆ ಒಬ್ಬರು ಪುರುಸೊತ್ತಾಗಿರಿ. ಆ ದಿನದ ಪ್ರಾರ್ಥನೆಯಲ್ಲಿ ಎದುರು ಕಡೆ ಸತ್ತವರ ತಾಯಂದಿರನ್ನೂ ಸೇರಿಸಿ, ವೈರಿಗಳನ್ನ ಪ್ರೀತಿಸಿ ಅನ್ನೋ ಮಾತನ್ನ ನಾವು ಬೇರೆ ಯಾವ ದಿನ ಪಾಲಿಸ್ತೀವಿ ಹೇಳಿ. ಇದಕ್ಕೆ ಒಪ್ಪದವರು ಇರ್ತಾರೆ, ನನ್ನ ಹತ್ರ ಬಂದು ಜಗಳ ಆಡಲಿ, ಕೂತು ಮಾತಾಡೋಣ.

ನಾನಂತೂ ಆವತ್ತು ಇನ್ನೊಂದು ಸಲ ಹೋಗಿ ಬಲ್ಬ್ ಹಾಕಿ ಬಂದೆ. ಹೋಲ್ಡರ್ ತುಕ್ಕು ಹಿಡಿದಿತ್ತು, ಹಳೇ ಬಲ್ಬ್ ತಿರುಗಿಸೋಕೇ ಹತ್ತು ನಿಮಿಷ ಹಿಡೀತು, ಅವರು ಕೆಳಗೆ ನಿಂತು ಸ್ಟೂಲ್ ಹಿಡ್ಕೊಂಡಿದ್ರು. ಸ್ವಿಚ್ ಹಾಕಿದಾಗ ಗೋಡೆ ಮೇಲೆ ಕೈ ಸವರಿ ಸವರಿ ಕಪ್ಪಾಗಿದ್ದ ಒಂದು ಉದ್ದ ಗೆರೆ ಕಾಣಿಸ್ತು, ಐದು ತಿಂಗಳು ಅವರು ಹತ್ತಿ ಇಳಿದ ಗುರುತು. ಇಬ್ಬರೂ ಅದನ್ನೇ ನೋಡಿದ್ವಿ, ಏನೂ ಮಾತಾಡಲಿಲ್ಲ.

ಆರಾಧನೆ ಹಾಲಿನ ಹಿಂದಿನ ಬಾಗಿಲ ಹತ್ರ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಶೀಟ್ ಅಂಟಿಸಿದೀನಿ. ಪಾಸ್ಟರಯ್ಯನವರ ಪರ್ಮಿಷನ್ ತಗೊಂಡೇ. ನಮ್ಮ ಸಭೆಯಲ್ಲಿ ಸೇನೆಗೆ ಸೇರಿದ ಮನೆ ಒಟ್ಟು ಏಳಿವೆ, ಮಗನನ್ನ ಕಳ್ಕೊಂಡವು ಎರಡು, ಗಂಡ ದೂರ ಇರೋವು ನಾಲ್ಕು, ವಾಪಸ್ ಬಂದು ಯಾರ ಜೊತೆಗೂ ಮಾತಾಡದೆ ಇರೋರು ಒಬ್ಬರು. ಹೆಸರು ಬರೆದಿಲ್ಲ, ಕೇಳಿದ್ರೆ ಹೇಳ್ತೀನಿ. ವಾರಕ್ಕೆ ಒಂದು ಗಂಟೆ, ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಪೆನ್ಶನ್ ಫಾರ್ಮ್ ತುಂಬಿಸೋದು, ಮಕ್ಕಳಿಗೆ ಲೆಕ್ಕ ಹೇಳ್ಕೊಡೋದು, ಸುಮ್ನೆ ಕೂತು ಬರೋದು. ಭಾನುವಾರ ಆರಾಧನೆ ಆದ್ಮೇಲೆ ಮನೆಗೆ ಬಿಡೋ ಕೆಲಸ ನಾನು ಬರ್ಕೊಂಡಿದೀನಿ. ಬುಧವಾರ, ಶುಕ್ರವಾರ ಇನ್ನೂ ಖಾಲಿ ಇವೆ. ಪೆನ್ನನ್ನ ದಾರ ಕಟ್ಟಿ ಅಲ್ಲೇ ನೇತು ಹಾಕಿದೀನಿ, ದಯವಿಟ್ಟು ಕಿತ್ಕೊಂಡು ಹೋಗಬೇಡಿ.

ಇಂತಿ,
ಕರ್ತನಲ್ಲಿ ನಿಮ್ಮ ಸಹೋದರ,
ಹಿಂದಿನಿಂದ ಎರಡನೇ ಬೆಂಚು